ಕೊಳಗ ಯಾರ ಕೈಯಲ್ಲಿ?

ಬೆಂಗಳೂರಿನ ಧಣಿಗಳಿಗೆ ಕೆಲವು ವರ್ಷಗಳಿಂದ ಒಂದು ಚಿಂತೆ ಹತ್ತಿದೆ. ಮನೆಯಲ್ಲಿ ಕುಳಿತು ಕಂಪನಿಯ ಕೆಲಸ ಮಾಡುವ ನೌಕರ ನಿಜವಾಗಿಯೂ ಕೆಲಸ ಮಾಡುತ್ತಾನೋ ಇಲ್ಲವೋ? ಮಾಡಿದರೆ ಎಷ್ಟು ಮಾಡುತ್ತಾನೆ? ಕಣ್ಣೆದುರಿಗಿಲ್ಲದವನ ದುಡಿಮೆಯನ್ನು ಅಳೆಯುವ ಬಗೆ ಹೇಗೆ? ಈ ಚಿಂತೆಗೆ ಮದ್ದು ಮಾರುವ ವ್ಯಾಪಾರವೂ ಹುಟ್ಟಿಕೊಂಡಿದೆ. ನೌಕರನ ಕಂಪ್ಯೂಟರಿನೊಳಗೆ ಒಂದು ತಂತ್ರಾಂಶವನ್ನು ಕೂರಿಸುತ್ತಾರೆ. ಅವನು ಕೀಲಿಗಳನ್ನು ಎಷ್ಟು ಸಲ ಒತ್ತಿದ, ಮೌಸು ಎಷ್ಟು ಹೊತ್ತು ಅಲುಗಾಡದೆ ಇತ್ತು, ಯಾವ ಪುಟ ತೆರೆದಿತ್ತು ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ಕೆಲವು ತಂತ್ರಾಂಶಗಳು ಕೆಲವು ನಿಮಿಷಕ್ಕೊಮ್ಮೆ ಪರದೆಯ ಚಿತ್ರವನ್ನೇ ತೆಗೆದು ಮೇಲಿನವರಿಗೆ ಕಳಿಸುತ್ತವೆ. ದಿನದ ಕೊನೆಗೆ ನೌಕರನ ಹೆಸರಿನ ಮುಂದೆ ಒಂದು ಅಂಕ ಬೀಳುತ್ತದೆ. ಆ ಅಂಕಕ್ಕೆ ಉತ್ಪಾದಕತೆ ಎಂದು ಹೆಸರು.

ಇದನ್ನೋದುವ ಗಿರಣಿಯ ಬಂಧುಗಳೂ ಅಂಗಡಿಯ ಬಂಧುಗಳೂ, "ಲಕ್ಷ ಲಕ್ಷ ಸಂಬಳದವರ ಗೋಳು ನಮಗೇಕೆ?" ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಹೊಸಕೆರೆಹಳ್ಳಿಯ ಬಾಡಿಗೆ ಮನೆಗಳಲ್ಲಿ, ಪಿ.ಜಿ. ಕೋಣೆಗಳಲ್ಲಿ ಕುಳಿತು ಈ ಕೆಲಸ ಮಾಡುವವರು ಯಾರು? ನಮ್ಮಂಥ ಜಿಲ್ಲೆಗಳಿಂದ ಹೋದ ಮಕ್ಕಳು. ಪ್ರಾವಿಡೆಂಟ್ ಫಂಡಿನಿಂದ ಹಣ ತೆಗೆದು, ಅಂಗಡಿಯ ಮೇಲೆ ಸಾಲ ಎತ್ತಿ ಓದಿಸಿದ ಮಕ್ಕಳು. ಅವರೆಲ್ಲರಿಗೂ ಲಕ್ಷದ ಸಂಬಳವಿಲ್ಲ. ದೂರದೇಶದ ಗಿರಾಕಿಗೆ ರಾತ್ರಿಯೆಲ್ಲ ಫೋನಿನಲ್ಲಿ ಉತ್ತರ ಹೇಳುವವರು, ಯಾವುದೋ ಆಸ್ಪತ್ರೆಯ ಬಿಲ್ಲು ತಿದ್ದುವವರು, ಪರರ ಜಮಾ ಖರ್ಚು ಬರೆಯುವವರು ಅವರಲ್ಲಿ ಎಷ್ಟೋ ಮಂದಿ. ಅವರ ಮೇಲೆ ಇಂದು ಪ್ರಯೋಗವಾದ ಅಳತೆ ನಾಳೆ ನಮ್ಮ ಬಾಗಿಲಿಗೂ ಬರುತ್ತದೆ. ಆದುದರಿಂದ ಇದು ನಮ್ಮ ವಿಷಯವೂ ಹೌದು.

ಮೊದಲು ನಡೆದದ್ದನ್ನು ನೋಡೋಣ. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ಬೀಗ ಬಿದ್ದಾಗ ಕಂಪನಿಗಳು ಕೆಲವೇ ದಿನಗಳಲ್ಲಿ ತಮ್ಮ ಕಚೇರಿಯನ್ನು ನೌಕರರ ಮನೆಗೆ ಸಾಗಿಸಿದವು. ಬನಶಂಕರಿ ಮೂರನೆಯ ಹಂತದ ಮಗ್ಗುಲಿನ ಹೊಸಕೆರೆಹಳ್ಳಿ ಒಂದು ಕಾಲಕ್ಕೆ ಕೆರೆಯನ್ನು ನೆಚ್ಚಿದ ಹಳ್ಳಿ. ಈಗ ಒತ್ತೊತ್ತಾದ ಮನೆಗಳ ಬಡಾವಣೆ. ಅಂಥ ಮನೆಗಳಲ್ಲಿ ಊಟದ ಮೇಜು, ಮಂಚದ ಅಂಚು, ಅಡಿಗೆಮನೆಯ ಕಟ್ಟೆ ಕಚೇರಿಗಳಾದವು. ಜಾಗದ ಬಾಡಿಗೆ, ದೀಪ, ಫ್ಯಾನು, ಕುರ್ಚಿ, ಕುಡಿಯುವ ನೀರು ಎಲ್ಲವೂ ಕಂಪನಿಯ ಲೆಕ್ಕದಿಂದ ಇಳಿದು ಮನೆಯ ಲೆಕ್ಕಕ್ಕೆ ಹತ್ತಿದವು. ಗಿರಣಿಯವರಿಗೆ ತಿಳಿಯುವಂತೆ ಹೇಳುವುದಾದರೆ, ಮಗ್ಗವನ್ನು ಕಾರ್ಮಿಕನ ಪಡಸಾಲೆಯಲ್ಲಿಟ್ಟು, ಕರೆಂಟು ಬಿಲ್ಲನ್ನು ಅವನಿಂದಲೇ ಕಟ್ಟಿಸಿ, ನೇಯ್ದ ಬಟ್ಟೆಯನ್ನು ಮಾತ್ರ ಧಣಿ ಹೊತ್ತೊಯ್ದ ಹಾಗೆ. ಇತ್ತ ಕಚೇರಿಗಳ ಎದುರು ಚಹಾ, ತಿಂಡಿ, ಬೀಡಾ ಮಾರಿ ಬದುಕುತ್ತಿದ್ದ ಸಣ್ಣ ವ್ಯಾಪಾರಿಗಳು ಬರಿಗೈಯಲ್ಲಿ ನಿಂತರು. ಅವರ ನಷ್ಟ ಯಾರ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ.

ಅದೇ ವರ್ಷ ಅಕ್ಟೋಬರ್ 23ರಂದು ದೊಡ್ಡ ಮಳೆ ಸುರಿದು, ರಾಜಕಾಲುವೆ ಉಕ್ಕಿ, ಹೊಸಕೆರೆಹಳ್ಳಿಯ ದತ್ತಾತ್ರೇಯನಗರದ ಮನೆಗಳಿಗೆ ನೀರು ನುಗ್ಗಿತು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಬಂದು ನೋಡಿ, ನೊಂದ ಕುಟುಂಬಗಳಿಗೆ 25 ಸಾವಿರ ರೂಪಾಯಿ ಪರಿಹಾರ ಸಾರಿದರು. ಕಚೇರಿಗೆ ನೀರು ನುಗ್ಗಿದರೆ ಅಂದು ಕಚೇರಿಗೆ ರಜೆ. ಮನೆಯೇ ಕಚೇರಿಯಾದ ಮೇಲೆ ಮನೆಗೆ ನುಗ್ಗಿದ ನೀರನ್ನು ಯಾವ ಕಲಮಿನಲ್ಲಿ ಬರೆಯುತ್ತಾರೆ? ಅಕ್ಕಿಯ ಡಬ್ಬವನ್ನು ಅಟ್ಟಕ್ಕೇರಿಸಿ ಮುದುಕಿ ತಾಯಿಯನ್ನು ಮಹಡಿಗೆ ಹತ್ತಿಸುವವನ ಮೌಸು ಅಲುಗಾಡುವುದಿಲ್ಲ. ತಂತ್ರಾಂಶಕ್ಕೆ ಅದು ಸೋಮಾರಿತನದ ಹೊತ್ತು. ಮಗುವಿಗೆ ಹಾಲೂಡಿಸುವ ತಾಯಿಯ ಹತ್ತು ನಿಮಿಷವೂ ಹಾಗೆಯೇ. ಬೆಸ್ಕಾಂನವರು ಕರೆಂಟು ತೆಗೆದ ಅರ್ಧ ಗಂಟೆಯೂ ಹಾಗೆಯೇ. ಯಂತ್ರಕ್ಕೆ ಕಾಣುವುದು ಬೆರಳು ಮಾತ್ರ. ಬೆರಳು ಆಡದೆ ಯೋಚಿಸುತ್ತಿರುವ ತಲೆಯೂ ಅದಕ್ಕೆ ಕಾಣುವುದಿಲ್ಲ. ಲೆಕ್ಕದ ತೊಡಕು ಬಿಡಿಸುವವನ ನಿಜವಾದ ಕೆಲಸ ನಡೆಯುವುದು ಅಲ್ಲಿಯೇ ಅಲ್ಲವೆ?

"ಮನೆಯಿಂದ ಕೆಲಸ ಮಾಡಿದರೆ ಉತ್ಪಾದನೆ ಹೆಚ್ಚುತ್ತದೆಂದು ಪಂಡಿತರೇ ಹೇಳಿದ್ದಾರಲ್ಲ" ಎನ್ನುವವರುಂಟು. ಹೇಳಿದ್ದಾರೆ, ನಿಜ. ಆದರೆ ಹೇಗೆ ಹೆಚ್ಚಿತೆಂಬುದನ್ನೂ ಅವರೇ ಹೇಳಿದ್ದಾರೆ. ಧಣಿಗಳು ಆ ಭಾಗವನ್ನು ಓದುವುದಿಲ್ಲ. ಚೀನದ ಶಾಂಘೈಯಲ್ಲಿ ಸಿಟ್ರಿಪ್ ಎಂಬ ಪ್ರವಾಸದ ಕಂಪನಿ 2010ರ ಕೊನೆಯಲ್ಲಿ ಒಂದು ಪ್ರಯೋಗ ಮಾಡಿತು. ಮನೆಯಿಂದ ದುಡಿಯಲು ಒಪ್ಪಿದ ಫೋನಿನ ನೌಕರರಲ್ಲಿ ಹುಟ್ಟಿದ ತಾರೀಕು ಸಮಸಂಖ್ಯೆಯಾದವರನ್ನು ಒಂಬತ್ತು ತಿಂಗಳು ಮನೆಗೆ ಕಳಿಸಿತು, ಬೆಸಸಂಖ್ಯೆಯವರನ್ನು ಕಚೇರಿಯಲ್ಲೇ ಇರಿಸಿತು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು ಇದರ ಲೆಕ್ಕವನ್ನು 2015ರಲ್ಲಿ ಪ್ರಕಟಿಸಿದರು. ಮನೆಯವರ ಕೆಲಸ ನೂರಕ್ಕೆ 13ರಷ್ಟು ಹೆಚ್ಚಿತ್ತು. ಆ 13ರಲ್ಲಿ 9 ಅಂಶ ಬಂದದ್ದು ಹೆಚ್ಚು ನಿಮಿಷ ದುಡಿದದ್ದರಿಂದ: ವಿರಾಮ ಕಡಿಮೆ, ಕಾಯಿಲೆಯ ರಜೆ ಕಡಿಮೆ. ಕೈಚಳಕದಿಂದ ಬಂದದ್ದು ಉಳಿದ 4 ಅಂಶ ಮಾತ್ರ. ಕಂಪನಿಗೆ ಜಾಗದ ಖರ್ಚು ಉಳಿಯಿತು. ಅಷ್ಟೇ ಒಳ್ಳೆಯ ಕೆಲಸ ಮಾಡಿದರೂ ಮನೆಯವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಜ್ವರದಲ್ಲಿಯೂ ಎದ್ದು ಕುಳಿತು ಫೋನೆತ್ತಿದ ಹೊತ್ತಿಗೆ ನಾವು ಉತ್ಪಾದಕತೆ ಎನ್ನುವುದಿಲ್ಲ. ಹೆಚ್ಚಿನ ದುಡಿತ ಎನ್ನುತ್ತೇವೆ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಏಷ್ಯದ ಒಂದು ದೊಡ್ಡ ಐಟಿ ಕಂಪನಿಯ 10 ಸಾವಿರಕ್ಕೂ ಮಿಕ್ಕ ನೌಕರರ ಕಂಪ್ಯೂಟರುಗಳಿಂದ 2019ರ ಏಪ್ರಿಲ್‌ನಿಂದ 2020ರ ಆಗಸ್ಟ್‌ವರೆಗೆ ಕಲೆಹಾಕಿದ ಲೆಕ್ಕವನ್ನು ಮೂವರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ಮನೆಗೆ ಹೋದ ಮೇಲೆ ದುಡಿದ ಗಂಟೆಗಳು ಏರಿದವು, ಆದ ಕೆಲಸ ಕೊಂಚ ತಗ್ಗಿತು. ಗಂಟೆಯ ಲೆಕ್ಕದಲ್ಲಿ ಉತ್ಪಾದಕತೆ ನೂರಕ್ಕೆ 8ರಿಂದ 19ರಷ್ಟು ಇಳಿಯಿತು. ನೌಕರರು ಮೈಗಳ್ಳರಾದರೆ? ಇಲ್ಲ. ಸಭೆಗಳು ಹೆಚ್ಚಿದವು, ಅಡ್ಡಿಯಿಲ್ಲದೆ ಕುಳಿತು ಕೆಲಸ ಮಾಡುವ ಹೊತ್ತು ಕರಗಿತು. ಮಕ್ಕಳಿರುವವರು ಎಲ್ಲರಿಗಿಂತ ಹೆಚ್ಚು ಬಳಲಿದರು. ಸಭೆ ಕರೆಯುವವನು ಯಾರು? ಮೇಲಿನವನು. ಅಂಕ ಕಡಿಮೆಯಾಗುವುದು ಯಾರಿಗೆ? ಕೆಳಗಿನವನಿಗೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ.

ಇನ್ನು ಧಣಿಗಳ ಮಾತಿನ ಸ್ಥಿರತೆಯನ್ನು ನೋಡಿ. 2020ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಕಂಪನಿ, 2025ರ ಹೊತ್ತಿಗೆ ತನ್ನ ನೌಕರರಲ್ಲಿ ನೂರಕ್ಕೆ 25 ಮಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು ಸಾರಿತು. 2023ರಲ್ಲಿ ಎಲ್ಲರೂ ವಾರಕ್ಕೆ ಐದು ದಿನ ಕಚೇರಿಗೆ ಬರಬೇಕೆಂದಿತು. 2024ರಲ್ಲಿ ಕಚೇರಿಯ ಹಾಜರಿ ನೂರಕ್ಕೆ 60ಕ್ಕಿಂತ ಕಡಿಮೆಯಾದವರಿಗೆ ಆ ತ್ರೈಮಾಸಿಕದ ಬದಲಾಗುವ ವೇತನವೇ ಇಲ್ಲವೆಂಬ ನಿಯಮ ಬಂತು. ಮನೆಯಲ್ಲಿ ಕೆಲಸ ಚೆನ್ನಾಗಿ ಆಗುತ್ತಿದೆ ಎಂದವರೇ ಮೂರು ವರ್ಷದಲ್ಲಿ ಕುರ್ಚಿಯ ಮೇಲೆ ಕುಳಿತದ್ದನ್ನು ಅಳೆಯತೊಡಗಿದರು. ಇನ್ಫೋಸಿಸ್ ಸ್ಥಾಪಕ ನಾರಾಯಣಮೂರ್ತಿಯವರು 2023ರಲ್ಲಿ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಉಪದೇಶಿಸಿದರು. 2025ರಲ್ಲಿ ಅದೇ ಕಂಪನಿ, ಮನೆಯಿಂದ ಕೆಲಸ ಮಾಡುತ್ತ ದಿನಕ್ಕೆ 9 ಗಂಟೆ 15 ನಿಮಿಷ ಮೀರಿದವರಿಗೆ ಆರೋಗ್ಯ ನೋಡಿಕೊಳ್ಳಿರೆಂದು ಪತ್ರ ಬರೆಯಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಬುದ್ಧಿವಾದ ಒಳ್ಳೆಯದೇ. ಆದರೆ ಒಂದು ಮಾತು ಗಮನಿಸಿ: ನಿಮಿಷ ನಿಮಿಷದ ಲೆಕ್ಕ ಕಂಪನಿಯ ಹತ್ತಿರ ಇದೆ. ಹೆಚ್ಚಿನ ದುಡಿತಕ್ಕೆ ಹೆಚ್ಚಿನ ಕೂಲಿ ಕೇಳುವಾಗ ಆ ಲೆಕ್ಕ ನೌಕರನ ಕೈಗೆ ಸಿಗುತ್ತದೆಯೆ?

ಮೂಲ ಪ್ರಶ್ನೆ ಇಲ್ಲಿದೆ. ಅಳೆಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಕೂಲಿ ಕೊಡುವವನಿಗೆ ಕೆಲಸ ಆಯಿತೋ ಇಲ್ಲವೋ ತಿಳಿಯುವ ಹಕ್ಕುಂಟು. ಅಂಗಡಿಯವನೂ ತೂಗುತ್ತಾನೆ. ಆದರೆ ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಕಾನೂನುಬದ್ಧ ಮಾಪನ ಇಲಾಖೆಯ ಇನ್‌ಸ್ಪೆಕ್ಟರು ಬಂದು ಬೊಟ್ಟು ನೋಡುತ್ತಾನೆ, ಮುದ್ರೆ ಹಳತಾಗಿದ್ದರೆ ದಂಡ ಹಾಕುತ್ತಾನೆ. ಮುಳ್ಳು ಗಿರಾಕಿಯ ಕಣ್ಣಿಗೆ ಕಾಣುವಂತಿರಬೇಕು. ಕಾಲು ಕಿಲೋ ಬೇಳೆ ತೂಗುವ ಬಡ ವ್ಯಾಪಾರಿಗೆ ಇಷ್ಟು ಕಟ್ಟುಪಾಡು. ಲಕ್ಷಾಂತರ ಜನರ ಅನ್ನವನ್ನು ತೂಗುವ ಕಂಪನಿಯ ತಕ್ಕಡಿಗೆ ಯಾವ ಮುದ್ರೆ ಇದೆ? ಅದರ ಮುಳ್ಳನ್ನು ನೋಡಿದವರು ಯಾರು?

ನಮ್ಮ ನಾಡಿಗೆ ಈ ಜಗಳ ಹೊಸತಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿಯ ಬತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು, ನ್ಯಾಯವಾದ ಕೊಳಗದಲ್ಲಿ ಅಳೆಯಿರಿ ಎಂಬುದು ಅವರ ಬೇಡಿಕೆಗಳಲ್ಲೊಂದು. ಹೆಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ಡಾಕ್ಟರ್ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಗೇಣಿದಾರರು ಅಳೆಯಬೇಡಿ ಎನ್ನಲಿಲ್ಲ. ಅಳೆಯುವ ಕೊಳಗ ಒಬ್ಬನ ಕೈಯಲ್ಲೇ ಇರಕೂಡದು ಎಂದರು. ಹೊಸಕೆರೆಹಳ್ಳಿಯ ಕೋಣೆಯೊಳಗಿನ ತಂತ್ರಾಂಶವೂ ಒಂದು ಕೊಳಗವೇ. ಅದರ ಗಾತ್ರವನ್ನು ಒಡೆಯನೊಬ್ಬನೇ ಬಲ್ಲ.

ಗಿರಣಿಯ ಬಂಧುಗಳು ತಮ್ಮದೇ ಇತಿಹಾಸವನ್ನು ನೆನೆಯಲಿ. 1928ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದು ಏಕೆ? ದಕ್ಷತೆಯ ಹೆಸರಿನಲ್ಲಿ ಒಬ್ಬೊಬ್ಬನ ಮೇಲೆ ಹೆಚ್ಚು ಯಂತ್ರ ಹೇರಿದ್ದಕ್ಕೆ. 1955ರಲ್ಲಿ ಕಾನ್ಪುರದ ಗಿರಣಿಗಳು ಸುಮಾರು 80 ದಿನ ನಿಂತದ್ದೂ ಅದಕ್ಕೇ. ಅಮೆರಿಕದಲ್ಲಿ ಫ್ರೆಡರಿಕ್ ಟೇಲರನ ಶಿಷ್ಯರು ಗಡಿಯಾರ ಹಿಡಿದು ಕಾರ್ಮಿಕನ ಹಿಂದೆ ನಿಂತಾಗ, 1911ರಲ್ಲಿ ವಾಟರ್‌ಟೌನ್ ಆಯುಧ ಕಾರ್ಖಾನೆಯ ಕೆಲಸಗಾರರು ಕೈ ಕಟ್ಟಿ ಹೊರಬಂದರು. ಅಂದು ಗಡಿಯಾರ ಹಿಡಿದವನು ಕಣ್ಣಿಗೆ ಕಾಣುತ್ತಿದ್ದ. ಇಂದು ಅವನು ಕಾಣುವುದಿಲ್ಲ. ಅಂದು ಹತ್ತು ಮಂದಿ ಒಟ್ಟಿಗೆ ನಿಂತಿದ್ದರು. ಇಂದು ಪ್ರತಿಯೊಬ್ಬನೂ ತನ್ನ ಕೋಣೆಯಲ್ಲಿ ಒಂಟಿ. ಕೆಲಸ ಮನೆಗೆ ಹೋದಾಗ ಧಣಿಗೆ ಉಳಿದದ್ದು ಬಾಡಿಗೆ ಮಾತ್ರವಲ್ಲ. ಸಂಘದ ಭಯವೂ ತಪ್ಪಿತು.

ಮನೆಯಲ್ಲಿ ಕುಳಿತು ಧಣಿಗಾಗಿ ದುಡಿಯುವುದೂ ಕಂಪ್ಯೂಟರಿನಿಂದ ಆರಂಭವಾದದ್ದಲ್ಲ. ಮಂಗಳೂರಿನ ಕಡೆಯ ಹೆಂಗಸರು ತಲೆತಲಾಂತರದಿಂದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿದ್ದಾರೆ. ಬೆಂಗಳೂರು ಮೈಸೂರುಗಳಲ್ಲಿ ಊದುಬತ್ತಿ ಹೊಸೆದಿದ್ದಾರೆ. ಸಾವಿರಕ್ಕೆ ಇಷ್ಟೆಂದು ಕೂಲಿ. ಎಲೆ ತೂಗುವಾಗ ಕಡಿಮೆ, ಬೀಡಿ ಎಣಿಸುವಾಗ ಕೆಟ್ಟದ್ದೆಂದು ಬದಿಗೆ ಸರಿಸುವುದು. ಸರಿಸಿದ ಬೀಡಿಗೆ ಕೂಲಿಯಿಲ್ಲ. "ಇವರು ನಮ್ಮ ನೌಕರರೇ ಅಲ್ಲ, ತಮ್ಮ ಮನೆಯಲ್ಲಿ ತಮ್ಮಿಷ್ಟದಂತೆ ಕೆಲಸ ಮಾಡುವವರು" ಎಂದು ಮಾಲೀಕರು ವಾದಿಸಿದರು. ಆ ವಾದ ನಿಲ್ಲಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ, ಮನೆಯಲ್ಲಿ ಬೀಡಿ ಕಟ್ಟುವವಳೂ ನೌಕರಳೇ ಎಂದಿತು. ಎಲೆ ತಂಬಾಕು ಕೊಡುವುದರ ಬಗ್ಗೆ, ಬೀಡಿ ತಿರಸ್ಕರಿಸುವುದರ ಬಗ್ಗೆ ಜಗಳ ಬಂದರೆ ಧಣಿಯ ಮಾತೇ ಕೊನೆಯಲ್ಲ, ಸರ್ಕಾರ ನೇಮಿಸಿದ ಅಧಿಕಾರಿ ತೀರ್ಮಾನಿಸಬೇಕು ಎಂದಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಕೆಲಸವನ್ನು ತಿರಸ್ಕರಿಸುವ ಹಕ್ಕು ಧಣಿಯ ಹತೋಟಿಗೆ ಗುರುತೆಂದು ಅದೇ ಕೋರ್ಟು ಅದಕ್ಕೂ ಮುಂಚೆ ಬೀಡಿಯವರ ವಿಷಯದಲ್ಲಿ, 1973ರಲ್ಲಿ ದರ್ಜಿಗಳ ವಿಷಯದಲ್ಲಿ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯಿದೆ ಕರಗಿಹೋಗಿದೆ. ಅದು ಕಲಿಸಿದ ಪಾಠ ಕರಗಬೇಕಾಗಿಲ್ಲ.

ಇನ್ನೂ ಒಂದು ಭೇದವನ್ನು ನೋಡಿ. ಬೀಡಿ ಧಣಿ ಎಷ್ಟೇ ಕಠಿಣನಾದರೂ ಎಣಿಸಿದ್ದು ಬೀಡಿಯನ್ನು. ಹೆಂಗಸು ಎಷ್ಟು ಸಲ ಎದ್ದಳು, ಒಲೆಯ ಮುಂದೆ ಎಷ್ಟು ಹೊತ್ತು ಕೂತಳು ಎಂಬುದನ್ನು ಅವನು ಎಣಿಸಲಿಲ್ಲ. ಇಂದಿನ ಧಣಿ ಕೆಲಸವನ್ನು ಎಣಿಸಲಾರದೆ ಮನುಷ್ಯನನ್ನು ಎಣಿಸುತ್ತಾನೆ. ತಾ ಕಳ್ಳ, ಪರರ ನಂಬ!

ಸರ್ಕಾರ ಏನು ಮಾಡಿದೆ? ಕೆಲಸದ ಷರತ್ತುಗಳನ್ನು ಬರೆದು ಸಾರಬೇಕೆಂಬ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ 2014ರಲ್ಲಿ ವಿನಾಯಿತಿ ಕೊಟ್ಟಿತು, 2019ರಲ್ಲಿ ಬೆಳೆಸಿತು, 2024ರಲ್ಲಿ ಇನ್ನೂ ಐದು ವರ್ಷಕ್ಕೆ ಬೆಳೆಸಿತು. ಪಕ್ಷ ಬದಲಾದರೂ ವಿನಾಯಿತಿ ಬದಲಾಗಲಿಲ್ಲ. 2024ರ ಜುಲೈಯಲ್ಲಿ ದುಡಿಮೆಯ ದಿನವನ್ನು 14 ಗಂಟೆಗೆ ಎಳೆಯುವ ಸೂಚನೆ ಬಂದಾಗ ಐಟಿ ನೌಕರರ ಸಂಘವಾದ ಕಿಟು ಬೀದಿಗಿಳಿದು ಪ್ರತಿಭಟಿಸಿತು. ದೆಹಲಿಯ ಸಂಸತ್ತು 2023ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 7ನೆಯ ಪ್ರಕರಣ, ನೌಕರಿಯ ಉದ್ದೇಶಕ್ಕಾಗಿ ನೌಕರನ ಸಮ್ಮತಿಯಿಲ್ಲದೆಯೂ ಅವನ ಮಾಹಿತಿಯನ್ನು ಬಳಸಲು ಧಣಿಗೆ ದಾರಿ ಬಿಟ್ಟಿದೆ. ಕಾವಲಿಗೆ ಹಾಕಿದ ಬೇಲಿಯೇ ಹೊಲ ಮೇಯುವುದೆಂದರೆ ಇದೇ.

ಹಾಗೆಂದು ದಾರಿ ಇಲ್ಲವೆಂದಲ್ಲ. ಅದೇ ಕರ್ನಾಟಕ ಸರ್ಕಾರ 2025ರಲ್ಲಿ, ಮೊಬೈಲಿನ ಆದೇಶದಂತೆ ಊಟ ಸಾಮಾನು ಹೊತ್ತು ತಿರುಗುವ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿತು. ಯಂತ್ರದ ಲೆಕ್ಕ ಅವರ ಗಳಿಕೆಯನ್ನೂ ಕೆಲಸವನ್ನೂ ಹೇಗೆ ನಿರ್ಧರಿಸುತ್ತದೆಂಬುದನ್ನು ಅವರಿಗೆ ತಿಳಿಸಬೇಕು, ಕಾರಣ ಹೇಳದೆ ತೆಗೆದುಹಾಕಕೂಡದು ಎಂಬ ತತ್ತ್ವ ಅದರಲ್ಲಿದೆ. ಬಾಗಿಲಿಗೆ ಊಟ ತಂದ ಹುಡುಗನಿಗೆ ಸಲ್ಲುವ ಹಕ್ಕು ಬಾಗಿಲೊಳಗೆ ಕಂಪ್ಯೂಟರಿನ ಮುಂದೆ ಕುಳಿತವನಿಗೆ ಏಕೆ ಸಲ್ಲಬಾರದು? ಹೊರದೇಶಗಳಲ್ಲೂ ಧಣಿಗಳು ಹಿಂದೆಗೆದದ್ದುಂಟು. ಲಂಡನ್ನಿನ ಬಾರ್ಕ್ಲೇಸ್ ಬ್ಯಾಂಕು 2020ರ ಫೆಬ್ರವರಿಯಲ್ಲಿ ನೌಕರರ ಕಂಪ್ಯೂಟರಿಗೆ ಕಾವಲು ಹಾಕಿ, ಕೂಗೆದ್ದ ಕೂಡಲೆ ಕೈಬಿಟ್ಟಿತು. ದಿನವಿಡೀ ಕ್ಯಾಮೆರಾ ತೆರೆದಿಡಲು ಒಪ್ಪದ ನೌಕರನನ್ನು ತೆಗೆದುಹಾಕಿದ ಚೇಟು ಎಂಬ ಅಮೆರಿಕನ್ ಕಂಪನಿಗೆ ನೆದರ್ಲೆಂಡ್ಸಿನ ನ್ಯಾಯಾಲಯ 2022ರಲ್ಲಿ ಸುಮಾರು 75 ಸಾವಿರ ಯೂರೋ ತೆರುವಂತೆ ಹೇಳಿತು. ಮನೆಯಿಂದ ಕೆಲಸ ಮಾಡುವವರಿಗೆ ತಗಲುವ ಹೆಚ್ಚಿನ ಕರೆಂಟು, ಇಂಟರ್ನೆಟ್ ಖರ್ಚನ್ನು ಧಣಿಯೇ ಭರಿಸಬೇಕೆಂದು ಪೋರ್ಚುಗಲ್ 2021ರಲ್ಲಿ ಕಾನೂನು ಮಾಡಿತು. ಗೃಹಕೆಲಸಗಾರರನ್ನು ಇತರ ಕಾರ್ಮಿಕರಿಗೆ ಸಮನಾಗಿ ಕಾಣಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಡಂಬಡಿಕೆ 1996ರಿಂದ ಇದೆ. ಭಾರತ ಅದಕ್ಕೆ ಇನ್ನೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ.

"ಕಳ್ಳಾಟವಾಡುವ ನೌಕರರೂ ಇದ್ದಾರಲ್ಲ" ಎಂದು ಕೇಳುತ್ತಾರೆ. ಇದ್ದಾರೆ. ಮೌಸನ್ನು ತಾನಾಗಿ ಅಲುಗಾಡಿಸುವ ಸಣ್ಣ ಯಂತ್ರಗಳೇ ಮಾರುಕಟ್ಟೆಗೆ ಬಂದಿವೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಲಿ ಒತ್ತಿದಂತೆ ನಟಿಸಿದವರನ್ನು 2024ರಲ್ಲಿ ಕೆಲಸದಿಂದ ತೆಗೆಯಿತು. ಆದರೆ ಇದರಿಂದ ಸಿದ್ಧವಾಗುವುದೇನು? ಮೌಸಿನ ಅಲುಗಾಟವನ್ನು ಅಳೆದರೆ ಜನ ಅಲುಗಾಟವನ್ನೇ ಕೊಡುತ್ತಾರೆ. ಕೆಲಸ ಬೇಕಿದ್ದರೆ ಕೆಲಸವನ್ನು ಅಳೆಯಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದು, ಏನನ್ನು ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ, ಅದರಿಂದ ಸಂಬಳಕ್ಕೂ ನೌಕರಿಗೂ ಏನಾಗುತ್ತದೆ ಎಂಬುದನ್ನು ಮುಂಚಿತವಾಗಿ ಬರಹದಲ್ಲಿ, ಕೇಳಿದವರಿಗೆ ಕನ್ನಡದಲ್ಲಿ, ತಿಳಿಸಬೇಕು. ಎರಡನೆಯದು, ಧಣಿಯ ಬಳಿಯಿರುವ ಲೆಕ್ಕದ ಪ್ರತಿ ನೌಕರನಿಗೂ ಸಿಗಬೇಕು. ಹೆಚ್ಚಿನ ಗಂಟೆಗಳ ಕೂಲಿ ಕೇಳುವಾಗ ಅದು ಸಾಕ್ಷಿಯಾಗಬೇಕು. ಮೂರನೆಯದು, ಮನೆಯೊಳಗೆ ಕ್ಯಾಮೆರಾದ ಕಾವಲು, ಪರದೆಯ ಚಿತ್ರ ತೆಗೆಯುವುದು ನಿಲ್ಲಬೇಕು. ನಾಲ್ಕನೆಯದು, ಕೆಲಸ ಸರಿಯಿಲ್ಲವೆಂದರೆ ಕಾರಣ ಬರೆದುಕೊಡಬೇಕು. ತಕರಾರು ಬಂದರೆ ನೌಕರರ ಪ್ರತಿನಿಧಿಗಳೂ ಇರುವ ಸಮಿತಿಯ ಮುಂದೆ, ಅಲ್ಲಿ ತೀರದಿದ್ದರೆ ಕಾರ್ಮಿಕ ಅಧಿಕಾರಿಯ ಮುಂದೆ ಹೋಗಬೇಕು. ಐದನೆಯದು, ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹಾಕಿದ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಮನೆಯ ಮೇಜಿಗೂ ಅನ್ವಯಿಸಬೇಕು. ಆರನೆಯದು, ಕರೆಂಟು, ಇಂಟರ್ನೆಟ್, ಕುರ್ಚಿ ಮೇಜಿನ ಖರ್ಚು ಧಣಿಯದು. ಮಳೆ, ನೆರೆ, ಕರೆಂಟು ಹೋದ ಹೊತ್ತು ನೌಕರನ ಅಂಕಕ್ಕೆ ಬೀಳಕೂಡದು.

ಇವು ದೊಡ್ಡ ಬೇಡಿಕೆಗಳಲ್ಲ. ಬೀಡಿ ಕಟ್ಟುವ ಹೆಂಗಸರು ಅರ್ಧ ಶತಮಾನಕ್ಕೂ ಹಿಂದೆ ಗೆದ್ದದ್ದನ್ನು, ಪ್ರತಿಯೊಬ್ಬ ಅಂಗಡಿಯವನೂ ತನ್ನ ತಕ್ಕಡಿಯ ವಿಷಯದಲ್ಲಿ ಒಪ್ಪಿಕೊಂಡದ್ದನ್ನು ಮಾತ್ರ ನಾವು ಕೇಳುತ್ತಿದ್ದೇವೆ. ಮನೆಯಲ್ಲಿ ಕುಳಿತ ನೌಕರರು ಒಂಟಿಯಾಗಿರುವುದೇ ಧಣಿಯ ಬಲ. ಅವರು ಸಂಘಕ್ಕೆ ಸೇರಲಿ. ಈ ಸಲ ಹಬ್ಬಕ್ಕೆ ಮಕ್ಕಳು ಊರಿಗೆ ಬಂದಾಗ ಸಂಬಳ ಎಷ್ಟೆಂದು ಕೇಳುವುದರ ಜೊತೆಗೆ, ನಿನ್ನ ಕೆಲಸವನ್ನು ಹೇಗೆ ಅಳೆಯುತ್ತಾರೆಂದೂ ಕೇಳಿ. ಗೊತ್ತಿಲ್ಲವೆಂದರೆ, ಗೊತ್ತುಮಾಡಿಕೊಳ್ಳುವುದು ನಿನ್ನ ಹಕ್ಕೆಂದು ಹೇಳಿ ಕಳಿಸಿ. ಗಿರಣಿಯ ಸಂಘಗಳೂ ವರ್ತಕರ ಸಂಘಗಳೂ ಮೇಲಿನ ಆರು ಬೇಡಿಕೆಗಳನ್ನು ತಮ್ಮ ನಿರ್ಣಯಗಳಲ್ಲಿ ಸೇರಿಸಿ ಕಾರ್ಮಿಕ ಮಂತ್ರಿಗಳಿಗೂ ತಮ್ಮ ಶಾಸಕರಿಗೂ ಕಳಿಸಿಕೊಡಬೇಕೆಂದು ನಾವು ಕೋರುತ್ತೇವೆ.